ಬಲಮೂಲೆಯ ಎರಡು ಚುಕ್ಕಿ

ನನ್ನ ತಂಗಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಊಟಕ್ಕೆ ಕೂತರೂ ನಾಲ್ಕು ಸಲ ಏಳುತ್ತಾಳೆ. ಒಮ್ಮೆ ನೀರಿಗೆ, ಒಮ್ಮೆ ಕಿಟಕಿಗೆ. ಉಳಿದೆರಡು ಸಲ ಯಾಕೆ ಎದ್ದೆನೆಂದು ಅವಳಿಗೇ ತಿಳಿದಿರುವುದಿಲ್ಲ. ಅವಳ ಕೋಣೆ ಇರುವುದು ನನ್ನ ಅಂಗಡಿಯ ಮೇಲೆ, ನೆಲ ಹಲಗೆಯದು. ನಾನು ಕೆಳಗೆ ಚಿತ್ರಗಳಿಗೆ ಮರದ ಕಟ್ಟು ಹಾಕುತ್ತ ಕೂತಿದ್ದರೆ ಅವಳ ಹೆಜ್ಜೆಗಳು ನನ್ನ ತಲೆಯ ಮೇಲೇ ಓಡಾಡುತ್ತವೆ. ಮೂರು ಹೆಜ್ಜೆ ಹಿಂದೆ, ಮೂರು ಹೆಜ್ಜೆ ಮುಂದೆ ಎಂದರೆ ಕೆಲಸ ಸಾಗುತ್ತಿದೆ. ಕಿಟಕಿ, ನಲ್ಲಿ, ಮತ್ತೆ ಕಿಟಕಿ ಎಂದು ಅಲೆದರೆ ಅಂದು ಅವಳನ್ನು ಮಾತಾಡಿಸದಿರುವುದೇ ಕ್ಷೇಮ. ಮೂವತ್ತೆಂಟು ವರ್ಷದ ಹೆಂಗಸು, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು.

ಇವಳು ಹನ್ನೊಂದು ವರ್ಷ ದೊಡ್ಡವರ ಹತ್ತಿರ ಕೆಲಸಕ್ಕಿದ್ದಳು. ದೊಡ್ಡವರು ಅಂದರೆ ನಮ್ಮೂರಿನ ಹೆಸರಾಂತ ಚಿತ್ರಕಾರರು, ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ನಿಂತ ನೀರು, ಸಂಜೆ ಬೆಳಕು, ಒಂಟಿ ದೋಣಿ, ಇವು ಅವರ ಕೈಚಳಕ. ಮೊದಲ ವರ್ಷ ತಂಗಿಗೆ ಬರೀ ಆಕಾಶ ತುಂಬುವ ಕೆಲಸ. ಆಮೇಲೆ ಮರ, ನೀರು, ಕೊನೆಗೆ ಮುಖಗಳೂ ಇವಳ ಪಾಲಿಗೆ ಬಂದವು. ದೊಡ್ಡವರ ಕೈ ನಡುಗತೊಡಗಿದ ಮೇಲೆ ಸಹಿಯೂ ಬಂತು: ಬಲಗಡೆಯ ಕೆಳಮೂಲೆಯಲ್ಲಿ ಒಂದು ಸುಳಿ, ಅದರಡಿ ಎರಡು ಚುಕ್ಕಿ. ಚಿತ್ರ ಮುಗಿಯಿತೆಂದರೆ ಕುಂಚ ತೊಳೆಯುವ ಮುಂಚೆ ಸುಳಿ, ಚುಕ್ಕಿ, ಚುಕ್ಕಿ. ಹಾಲು ಇಳಿಸಿ ಒಲೆ ಆರಿಸುವಷ್ಟೇ ಸಹಜವಾಗಿ.

ಆ ಚಿತ್ರಗಳೆಲ್ಲ ಕಟ್ಟು ಹಾಕಿಸಲು ಬರುತ್ತಿದ್ದುದು ನನ್ನ ಅಂಗಡಿಗೇ. ಯಾವುದು ಯಾರ ಕೈಯದೆಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಗಿರಾಕಿಯ ಚಿತ್ರದ ಬಗ್ಗೆ ಮಾತಾಡುವವನು ಈ ಕಸುಬಿಗೆ ಲಾಯಕ್ಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ಪ್ರದರ್ಶನದ ದಿನ ತಾನೇ ಬರೆದ ದೋಣಿಯ ಮುಂದೆ ಇವಳು ನಿಂತಿದ್ದಳಂತೆ. ಸೂಟು ಹಾಕಿದ ಒಬ್ಬರು ಬಂದು, “ಸ್ವಲ್ಪ ಆ ಕಡೆ ಸರಿಯಮ್ಮ, ಚಿತ್ರ ಕಾಣಿಸ್ತಿಲ್ಲ” ಅಂದರಂತೆ. ಸರಿದಳು. ಸರಿದವಳು ನೇರ ಮನೆಗೆ ಬಂದು, ಕೆಲಸ ಬಿಟ್ಟೆ ಅಂದಳು.

“ಬಿಟ್ಟು ಏನು ಮಾಡ್ತೀಯೇ?” ಅಮ್ಮ ಕೇಳಿದಳು.

“ನಂದು ನಾನು ಬರೀತೀನಿ.”

“ಇಷ್ಟು ದಿನ ಬರೆದಿದ್ದು ಯಾರದು ಮತ್ತೆ?”

ಅವಳು ಎದ್ದು ಕಿಟಕಿಗೆ ಹೋದಳು.

ಅಲ್ಲಿಂದ ಎರಡು ವರ್ಷ. ಹಲ್ಲಿನ ಡಾಕ್ಟರ ಗೋಡೆಗೆ ನಗುವ ಹಲ್ಲು, ಬೇಕರಿಗೆ ಬೋರ್ಡು, ವಾರಕ್ಕೆರಡು ದಿನ ಮಕ್ಕಳಿಗೆ ಡ್ರಾಯಿಂಗ್ ಕ್ಲಾಸು. ಚಿತ್ರ ಬೇಕೆಂದು ಮೆಟ್ಟಿಲು ಹತ್ತಿದವರೆಲ್ಲರದೂ ಒಂದೇ ರಾಗ: “ದೊಡ್ಡವರದ್ದರ ಥರಾನೇ ಇರ್ಲಿ, ರೇಟು ಮಾತ್ರ ನೋಡ್ಕೊಂಡು ಹೇಳಿ.” ಅವರನ್ನು ಬಂದ ದಾರಿಯಲ್ಲೇ ಕಳಿಸುವಳು. ಆಮೇಲೆ ಕಿಟಕಿ, ನಲ್ಲಿ, ಕಿಟಕಿ. ಅವಳನ್ನು ಕೊರೆಯುತ್ತಿದ್ದುದೇನೆಂದು ಒಂದು ದಿನ ಅವಳೇ ಹೇಳಿದಳು.

“ಅಣ್ಣ, ನನ್ನ ಕೈಯಲ್ಲಿ ಅವರನ್ನ ಬಿಟ್ರೆ ಬೇರೆ ಏನೂ ಇಲ್ಲದೇ ಹೋದ್ರೆ?”

“ಹೋಗೇ ಹುಚ್ಚಿ” ಅಂದೆ. ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಕೊನೆಗೆ ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಬಂದರು. ರೋಗಿಗಳು ಕಾಯುವ ಕೋಣೆಯ ಗೋಡೆಗೆ ಆರಡಿ ಅಗಲದ ಚಿತ್ರ ಬೇಕು. “ಏನು ಬೇಕಾದ್ರೂ ಬರೀರಿ. ಯಾರ ಥರಾನೂ ಬೇಡ, ನಿಮ್ಮದು ಬೇಕು.” ಕಣ್ಣಿಗೆ ಡ್ರಾಪ್ಸ್ ಹಾಕಿ ಮಂಜು ಮಾಡಿ, ಆಮೇಲೆ ಚಿತ್ರ ತೋರಿಸುವ ಡಾಕ್ಟರು ಇವರೊಬ್ಬರೇ ಇರಬೇಕು ಎಂದು ನಾನು ತಮಾಷೆ ಮಾಡಿದೆ. ತಂಗಿ ನಗಲಿಲ್ಲ.

ನಾಲ್ಕು ತಿಂಗಳು ನನ್ನ ತಲೆಯ ಮೇಲೆ ಮೆರವಣಿಗೆ. ಬರೆದದ್ದು ಅವಳ ಕಿಟಕಿಯಿಂದ ಕಾಣುವ ಮನೆಗಳ ಹಿಂಭಾಗ. ಪೈಪುಗಳು, ತುಕ್ಕು ಹಿಡಿದ ಟ್ಯಾಂಕು, ತಂತಿಯ ಮೇಲೆ ಗಾಳಿಗೆ ಉಬ್ಬಿದ ಮೂರು ಬೆಡ್‌ಶೀಟು, ಬೆನ್ನು ಹಾಕಿ ತಲೆ ಬಾಚಿಕೊಳ್ಳುವ ಒಬ್ಬ ಹೆಂಗಸು. ದೊಡ್ಡವರು ತಮ್ಮ ಜನ್ಮದಲ್ಲಿ ಯಾವ ಮನೆಯ ಹಿಂಭಾಗವನ್ನೂ ಬರೆದವರಲ್ಲ. ಮುಗಿದ ಮರುದಿನ ಬೆಳಿಗ್ಗೆ ಇಬ್ಬರೂ ಸೇರಿ ಚಿತ್ರವನ್ನು ಕೆಳಗಿಳಿಸಿ ಅಂಗಡಿಯ ಗೋಡೆಗೆ ಒರಗಿಸಿದೆವು. ಅವಳು ಮೊಳೆ ಹೊಡೆಯುವ ಜಾಗ ನೋಡಿಕೊಂಡು ಬರಲು ಆಸ್ಪತ್ರೆಗೆ ಹೋದಳು. ನಾನು ಅಳತೆ ತೆಗೆಯಲು ಬಗ್ಗಿದೆ.

ಬಲಗಡೆಯ ಕೆಳಮೂಲೆಯಲ್ಲಿ ಒಂದು ಸುಳಿ. ಅದರಡಿ ಎರಡು ಚುಕ್ಕಿ.

ಅವಳಿಗೆ ಗೊತ್ತೇ ಆಗಿರಲಿಲ್ಲ. ಚಿತ್ರ ಮುಗಿಯಿತು, ಕೈ ತನ್ನ ಪಾಡಿಗೆ ತಾನು ಹಳೆಯ ರೂಢಿಯ ಕೆಲಸ ಮಾಡಿಬಿಟ್ಟಿತ್ತು. ಹೇಳುವುದು ಹೇಗೆ? ಆ ದಿನ ಬೆಳಿಗ್ಗೆ ಅವಳು ಒಂದು ಸಲವೂ ಏಳದೆ ತಿಂಡಿ ತಿಂದಿದ್ದಳು. ಅಮ್ಮ ಅದನ್ನು ಕಂಡು ನನಗೆ ಕಣ್ಸನ್ನೆ ಮಾಡಿದ್ದಳು. ನಾನು ಒಳಗೆ ಹೋಗಿ, ಇದ್ದುದರಲ್ಲೇ ಅಗಲವಾದ ಮರದ ಪಟ್ಟಿ ತಂದೆ. ಅದರ ಅಂಚು ಚಿತ್ರದ ಮೇಲೆ ಎರಡು ಬೆರಳಷ್ಟು ಕೂರುತ್ತದೆ, ಸುಳಿ ಚುಕ್ಕಿ ಎಲ್ಲ ಅದರಡಿ ಹೋಗುತ್ತದೆ. ಯಾರಿಗೂ ತಿಳಿಯುವುದಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗುತ್ತ ಎರಡು ಪಟ್ಟಿ ಕೊಯ್ದೂ ಆಗಿತ್ತು, ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು.

ದೊಡ್ಡವರು. ಒಡೆದ ಗಾಜು ಬದಲಾಯಿಸಲು ಒಂದು ಹಳೆಯ ಫೋಟೋ ತಂದಿದ್ದರು. ಅದನ್ನು ನನ್ನ ಕೈಗೆ ಕೊಡಲು ಮರೆತು ಚಿತ್ರದ ಮುಂದೆ ನಿಂತುಬಿಟ್ಟರು.

“ಯಾರದಪ್ಪ ಇದು?”

“ಸಹಿ ನಿಮ್ಮದೇ ಇದೆಯಲ್ಲ.” ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

ಕೋಲಿನ ಮೇಲೆ ಭಾರ ಹಾಕಿ ಬಗ್ಗಿದರು. ಮೂಲೆಯನ್ನು ನೋಡಿದರು. ಮತ್ತೆ ನೆಟ್ಟಗಾಗಿ ಬೆಡ್‌ಶೀಟುಗಳನ್ನು ಬಹಳ ಹೊತ್ತು ನೋಡಿದರು.

“ಸಹಿ ನಂದೇ. ಚಿತ್ರ ನಂದಲ್ಲ. ಈ ಗಾಳಿ ನನಗೆ ಗೊತ್ತಿಲ್ಲ.”

ತಂಗಿ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದಳು. ಮಾತು ಅವಳ ಕಿವಿಗೆ ಬಿದ್ದಿತ್ತು. ಚಿತ್ರದ ಹತ್ತಿರ ಬಂದು ಮೂಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅಂದು ಎರಡನೇ ಸಲ ಅವಳು ಅಲ್ಲಾಡದೆ ಕೂತದ್ದನ್ನು ಕಂಡೆ. ಆಮೇಲೆ ಅವಳ ಕಣ್ಣು ನನ್ನ ಮೇಜಿನತ್ತ ಹೊರಳಿತು.

“ಇಷ್ಟು ಅಗಲದ ಪಟ್ಟಿ ಯಾಕೆ?”

ನಾನು ಪಟ್ಟಿಗಳನ್ನು ಮೇಜಿನ ಅಂಚಿಗೆ ಸರಿಸಿದೆ.

“ಮುಚ್ಚಿಬಿಡೋಣ ಅಂತಿದ್ಯಾ ಅಣ್ಣ?”

“ನಿನಗೋಸ್ಕರಾನೇ ಕಣೇ.”

“ಹನ್ನೊಂದು ವರ್ಷ ನೀನು ಬಾಯಿ ಮುಚ್ಕೊಂಡಿದ್ದೂ ನನಗೋಸ್ಕರಾನೇ ಅಲ್ವಾ?”

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ದೊಡ್ಡವರೂ ತಲೆ ತಗ್ಗಿಸಿದರು. ಆ ಹೊತ್ತಿಗೆ ನಾವಿಬ್ಬರು ಗಂಡಸರೂ ಒಂದೇ ತಕ್ಕಡಿಯಲ್ಲಿ ಕೂತಿದ್ದೆವು.

ಸಹಿಯ ಬಣ್ಣ ಇನ್ನೂ ಹಸಿ ಇತ್ತು. ಅವಳು ನನ್ನ ಮೇಜಿನಿಂದ ಬಟ್ಟೆ ತೆಗೆದುಕೊಂಡು ಟರ್ಪೆಂಟೈನಿನಲ್ಲಿ ಅದ್ದಿ ಮೂರು ಸಲ ಒರೆಸಿದಳು. ಹೋಯಿತು. ಮೂಲೆ ಖಾಲಿಯಾಯಿತು.

“ಈಗ ನಿನ್ನ ಹೆಸರು ಹಾಕು” ಅಂದರು ದೊಡ್ಡವರು.

ಮೇಲೆ ಹೋಗಿ ಸಣ್ಣ ಕುಂಚ ತಂದಳು. ತುದಿಯನ್ನು ಮೂಲೆಯ ಹತ್ತಿರ ಹಿಡಿದಳು, ಹಿಂದೆ ತೆಗೆದಳು, ಎದ್ದಳು, ಬಾಗಿಲ ತನಕ ಹೋಗಿ ಬಂದು ಮತ್ತೆ ಕೂತಳು.

“ಕೈ ನಡುಗ್ತಾ ಇದೆ ಸರ್.”

“ನನ್ನ ಹೆಸರು ಹಾಕೋವಾಗ ನಿನ್ನ ಕೈ ಒಂದು ದಿನಾನೂ ನಡುಗಲಿಲ್ಲ” ಅಂದರು ಅವರು. “ನಡುಗ್ಲಿ ಬಿಡು. ಹಾಕು.”

ಹಾಕಿದಳು. ಅವಳಿಗೆ ತನ್ನದೆಂಬ ಸುಳಿಯೂ ಇರಲಿಲ್ಲ, ಚುಕ್ಕಿಯೂ ಇರಲಿಲ್ಲ. ಶಾಲೆಯ ನೋಟ್‌ಬುಕ್ಕಿನ ಮೇಲೆ ಬರೆದ ಹಾಗೆ ಬಿಡಿ ಬಿಡಿ ಅಕ್ಷರದಲ್ಲಿ ಪೂರ್ತಿ ಹೆಸರು ಬರೆದಳು. ಕೊನೆಯ ಅಕ್ಷರ ಕೆಳಗೆ ಜಾರಿತು. ದೊಡ್ಡವರು ಒಡೆದ ಗಾಜಿನ ಫೋಟೋವನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೊರಟುಹೋದರು. ನಾನು ಕೊಯ್ದ ಪಟ್ಟಿಗಳನ್ನು ಮೂಲೆಗೆಸೆದು, ಅಂಗಡಿಯಲ್ಲೇ ತೀರ ಸಣ್ಣದಾದ ಪಟ್ಟಿ ಹುಡುಕಿದೆ.

ವಾರದ ಮೇಲೆ ಚಿತ್ರ ಗೋಡೆಗೇರಿತು. ಕಾಯುವ ಕೋಣೆಯಲ್ಲಿ ಜನವೋ ಜನ. ತಂಗಿ ಚಿತ್ರದ ಮುಂದೆ ನಿಂತು ಹೆಸರನ್ನೇ ನೋಡುತ್ತಿದ್ದಳು. ಹಿಂದಿನ ಬೆಂಚಿನಿಂದ ಒಬ್ಬ ಅಜ್ಜಿ, ಕಣ್ಣಿಗೆ ಕೈ ಅಡ್ಡ ಹಿಡಿದು, “ಸ್ವಲ್ಪ ಸರಿಯಮ್ಮ, ಚಿತ್ರ ಕಾಣಿಸ್ತಿಲ್ಲ” ಅಂದರು.

ಆ ಪ್ರದರ್ಶನದ ದಿನದ ಅದೇ ಮಾತು. ತಂಗಿ ಸರಿದಳು. ಪಕ್ಕಕ್ಕೆ ನಿಂತು ಅಜ್ಜಿಯ ಮುಖ ನೋಡಿದಳು, ಅಜ್ಜಿ ನೋಡುತ್ತಿದ್ದ ಕಡೆ ನೋಡಿದಳು. ಹುಬ್ಬು ಗಂಟಿಕ್ಕಿತು. ಹಿಂದೆ ಹೋದಳು, ಮುಂದೆ ಬಂದಳು, ನನ್ನ ತೋಳು ಹಿಡಿದಳು.

“ಅಣ್ಣ, ಮೂರನೇ ಬೆಡ್‌ಶೀಟಿನ ನೀಲಿ ಜಾಸ್ತಿ ಆಗಿದೆ. ಇಳಿಸು, ಮನೆಗೆ ತಗೊಂಡು ಹೋಗೋಣ.”

ಹನ್ನೊಂದು ವರ್ಷದಲ್ಲಿ ಒಂದು ನೀಲಿಗಾದರೂ ಇವಳು ಹೀಗೆ ಒದ್ದಾಡಿದ್ದನ್ನು ನಾನು ಕಂಡಿರಲಿಲ್ಲ.

“ಆಗಲ್ಲ” ಅಂದೆ. “ಹೆಸರು ಹಾಕಿದೀಯ.”