ತವರುಮನೆಯಂಥ ಕಾರ್ಖಾನೆ

ಮೊನ್ನೆ ಗೋಕಾಕದಿಂದ ಮೂಡಲಗಿಗೆ ಬರುವಾಗ ಬೇಯುತ್ತಿದ್ದ ಅರಿಶಿನದ ವಾಸನೆ ಬಸ್ಸಿನೊಳಗೆ ನುಗ್ಗಿತು. ಪಕ್ಕದಲ್ಲಿ ಕೂತ ಹೆಂಗಸು, “ಏನ್ ಚಂದ ವಾಸನಿ ಬರಾಕತ್ತೈತ್ರಿ” ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳದೇನು ತಪ್ಪು? ನಮ್ಮ ಬಾಜೂ ಮನೆಯ ಚಿಗವ್ವನ ಸೀರೆ, ಕೂದಲು, ಅವಳು ಕಟ್ಟಿಕೊಂಡು ಹೋಗುತ್ತಿದ್ದ ರೊಟ್ಟಿ, ಎಲ್ಲಕ್ಕೂ ಅದೇ ವಾಸನೆ ಇರುತ್ತಿತ್ತು...

ನಾನು ಸಾಲೆಗೆ ಸೇರುವ ಮೊದಲಿನಿಂದಲೂ ಚಿಗವ್ವ ಊರಾಚೆಯ ಅರಿಶಿನ ಕಾರ್ಖಾನೆಯಲ್ಲಿ ಕೊಂಬು ಆರಿಸಿ ಹಸನು ಮಾಡುತ್ತಿದ್ದಳು. ಮಾಲೀಕನನ್ನು ಎಲ್ಲ ಹೆಣ್ಣಾಳುಗಳೂ ‘ಅಣ್ಣಾರ’ ಎನ್ನುತ್ತಿದ್ದರು. ನಮ್ಮ ಕಡೆ ಹಾಗೇ. ಕೂಲಿ ಕೊಡುವವನೂ ಕಾಕಾ, ಇಲ್ಲವೇ ಅಣ್ಣ. ಆತನೂ ದೀಪಾವಳಿಗೆ ಸೀರೆ ಕೊಡುತ್ತಿದ್ದ, ಮನೆಯಲ್ಲಿ ಕಾರ್ಯವಿದ್ದರೆ ರೊಟ್ಟಿ ಬಡಿಯಲು ಕರೆಯುತ್ತಿದ್ದ. ಹಾಜರಿ ಪುಸ್ತಕ, ಗುರುತಿನ ಚೀಟಿ ಮಾತ್ರ ಇರಲಿಲ್ಲ. ಒಂದು ದಿನ ಚಿಗವ್ವ ಪಿಎಫ್ ಕೇಳಿದಳು. ಮರುದಿನ ಗೇಟಿನಲ್ಲೇ, “ನೀ ಇನ್ನ ಬರಬ್ಯಾಡ” ಎಂದರು.

ಅವಳಿಗೆ ಬೇಕಿದ್ದದ್ದು ಕೆಲಸ ವಾಪಸ್ಸು, ಅಷ್ಟೆ. ಡಿಗ್ರಿ ಓದುತ್ತಿದ್ದ ನಾನು ಜೊತೆಗೆ ಹೋದೆ. ಮೊದಲು ಕಾರ್ಮಿಕ ಅಧಿಕಾರಿಯ ಮುಂದೆ ರಾಜಿ ಮಾತುಕತೆ ಆಗಬೇಕಂತೆ. ನೋಟಿಸು ಹೋದರೂ ಮಾಲೀಕ ಬರಲಿಲ್ಲ. ರಾಜಿ ಮುರಿದ ಮೇಲೆ ಕಾರ್ಮಿಕ ಕೋರ್ಟು. ಅಲ್ಲಿಯ ನಿಯಮ ಕೇಳಿ: ತಾನು ಅಲ್ಲಿ ಕೆಲಸಕ್ಕಿದ್ದೆ ಎಂದು ಕೆಲಸ ಕಳೆದುಕೊಂಡವಳೇ ಮೊದಲು ರುಜುವಾತು ಮಾಡಬೇಕು. ಕಾಗದವನ್ನೇ ಕೊಡದವನು ಆರಾಮಾಗಿ ಕೂತಿರಬಹುದು! ಜೊತೆಯ ಹೆಣ್ಣಾಳುಗಳು ಸಾಕ್ಷಿಗೆ ಬರಲಿಲ್ಲ, ಅವರಿಗೂ ಹೊಟ್ಟೆಯಿತ್ತು.

ಮಾಲೀಕನ ವಕೀಲ ಬಹಳ ಮೆತ್ತಗೆ ಕೇಳಿದ.

“ಇವರನ್ನ ಏನಂತ ಕರೀತಿಯವ್ವಾ?”

“ಅಣ್ಣಾರ ಅಂತ ಕರೀತೇನ್ರಿ.”

“ಹಬ್ಬಕ್ಕ ಸೀರಿ ಕೊಡತಾರ?”

“ಕೊಡತಾರ್ರಿ. ಅವರ ಮಗಳ ಮದವ್ಯಾಗ ನಾನ ರೊಟ್ಟಿ ಬಡದೇನ್ರಿ. ಅವರ ಮನಿ ಅಂದ್ರ ನನಗ ತವರಮನಿ ಇದ್ದಂಗ್ರಿ.”

ಇಷ್ಟು ಹೇಳಿದರೆ ಕೆಲಸದ ನಂಟು ಗಟ್ಟಿಯಾಯಿತೆಂದು ಚಿಗವ್ವ ನನ್ನ ಕಡೆ ನೋಡಿ ನಕ್ಕಳು. ವಕೀಲ “ಸಾಕ್ರಿ” ಎಂದ. ಇವಳು ಕೂಲಿಯವಳಲ್ಲ, ಮನೆಯ ಸಲಿಗೆಯಿಂದ ಬಂದುಹೋಗುತ್ತಿದ್ದವಳು ಎಂದು ವಾದ ಮಾಡಿದ. ಕೆಲಸಗಾರ್ತಿ ಎಂಬುದು ಸಾಬೀತಾಗಿಲ್ಲವೆಂದು ಅರ್ಜಿ ವಜಾ ಆಯಿತು.

ಸಲಿಗೆಯಂತೆ, ಸಲಿಗೆ! ಯಾವ ತಂಗಿ ವರ್ಷವಿಡೀ ಬೆಳಗಿನಿಂದ ಸಂಜೆಯ ತನಕ ಅಣ್ಣನ ಅರಿಶಿನ ಆರಿಸುತ್ತಾಳೆ? ಕೋರ್ಟಿನಿಂದ ಮರಳುವಾಗ ಬಸ್ಸಿನಲ್ಲಿ ನಾನು ಮಾಲೀಕನನ್ನು ಬಾಯಿಗೆ ಬಂದಂತೆ ಬೈದೆ. ಚಿಗವ್ವ, “ಬೈಬ್ಯಾಡ ಮಗಳ, ಉಂಡ ಮನಿ ಜಂತಿ ಎಣಸಬಾರದು” ಎಂದಳು. ಅದಕ್ಕೂ ಸಿಟ್ಟು ಬಂತು, ಅವಳ ಮೇಲೆಯೇ. ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರಲ್ಲ, ಹಲ್ಲು ಕಚ್ಚಿಕೊಂಡು ಕೂತೆ. ಆಮೇಲೆ ಅವಳು ಕಂಡವರ ಕಬ್ಬಿನ ಹೊಲದಲ್ಲಿ ಕಳೆ ತೆಗೆಯಲು ಹೋದಳು. ಬೆನ್ನು ಬಾಗಿಹೋಯಿತು...

ಹೋದ ವರ್ಷ ಚಿಗವ್ವ ತೀರಿಕೊಂಡಳು. ಮಾಲೀಕ ಹೂಮಾಲೆ ಹಿಡಿದು ಬಂದ. ಎಲ್ಲರೆದುರು ಕಣ್ಣೊರೆಸಿಕೊಂಡು, “ನನಗ ತಂಗಿ ಇದ್ದಂಗ ಇದ್ದಳು” ಎಂದ.

“ಆಕಿ ನಿಮ್ಮ ತಂಗಿ ಅಲ್ರಿ,” ಎಂದೆ. “ನಿಮ್ಮ ಕಾರ್ಖಾನ್ಯಾಗ ದುಡದಾಕಿ. ಇಲ್ಲಿಯಾದ್ರೂ ಒಪ್ಕೊಳ್ರಿ.”

ಆತ ಒಪ್ಪಿಕೊಳ್ಳಲಿಲ್ಲ. ಮಾಲೆ ಹಾಕಿ ಹೊರಟುಹೋದ.

ಮೊನ್ನೆ ಬಸ್ಸಿಳಿದು ಓಣಿಗೆ ಬಂದರೆ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಕಾರ್ಖಾನೆಯ ಗಾಡಿಗೆ ಕಾಯುತ್ತಿದ್ದಳು. ಗುರುತಿನ ಚೀಟಿ ಕೊಟ್ಟಾರೇನು ಎಂದು ಕೇಳಿದೆ.

“ಅಣ್ಣಾರ ಅದಾರಲ್ರೀ ಅಕ್ಕಾರ,” ಎಂದು ನಕ್ಕಳು, “ಚೀಟಿ ಯಾಕ ಬೇಕ?”

ಅವಳಿಗೆ ಉತ್ತರ ಹೇಳಬೇಕಾದ ಚಿಗವ್ವ ಈಗ ಇಲ್ಲ.