ಖಾಲಿ ಗೋಲಿಗೆ ಒದ್ದ ಚೆಂಡು

ಕೊಳ್ಳೇಗಾಲ, ಹನೂರು, ಯಳಂದೂರಿನವರು ಸೇರಿ ನಡೆಸುತ್ತಿದ್ದ ಫುಟ್‌ಬಾಲ್ ಲೀಗ್ ಅರವತ್ತರ ದಶಕದಲ್ಲೇ ನಿಂತುಹೋಯಿತು. ಅದರಲ್ಲಿ ನಮ್ಮ ಕೊಳ್ಳೇಗಾಲದ ಗೋಲ್‌ಕೀಪರ್ ಅವನು. ಅವನಿಗೆ ಏನಾದರೂ ಆದರೆ ನಿಲ್ಲಬೇಕಾದವನು ನಾನು. ಅವನಿಗೆ ಏನೂ ಆಗುತ್ತಿರಲಿಲ್ಲ.

ಹಗಲೆಲ್ಲ ರೇಷ್ಮೆ ಸೀರೆ ನೇಯ್ದು, ಸಂಜೆ ಬರಿಗಾಲಲ್ಲಿ ಬಂದು, ಅಂಗೈಗೆ ಮಣ್ಣು ಉಜ್ಜಿಕೊಂಡು ನಿಲ್ಲುತ್ತಿದ್ದ. ಅವನ ಬೀದಿಯಲ್ಲೇ ಅಂಥದೇ ಮಗ್ಗ ನನಗೂ ಇತ್ತು. ಎದುರಾಳಿ ನುಗ್ಗಿ ಬಂದಾಗ ನಮ್ಮವರು ಕೂಗಿಕೊಂಡರೆ, "ಬರ್ಲಿ ಬುಡ್ಲಾ, ಎಲ್ಗೋದದು" ಎನ್ನುತ್ತಿದ್ದ. ಚೆಂಡು ಸಾಕಿದ ನಾಯಿಯ ಹಾಗೆ ಅವನ ಎದೆಗೇ ಬರುತ್ತಿತ್ತು. ನಾನು ಗೆರೆಯಾಚೆ ಕೂತು, ಒಮ್ಮೆಯಾದರೂ ಜಾರಲಿ ಎಂದು ಹಲ್ಲು ಕಡಿಯುತ್ತಿದ್ದೆ.

ಯಳಂದೂರಿನ ಮೇಲೆ ಆಡಬೇಕಿದ್ದ ಒಂದು ದಿನ ಅವನು ಪಂಚೆಯುಟ್ಟು ಬಂದ. "ಲೇ, ಇವತ್ತು ನೀ ನಿಂತ್ಕಳ್ಲಾ. ನಿಂಗೂ ಆಸೆ ಇರ್ತದೆ" ಎಂದ. ಆ ದೊಡ್ಡತನವೂ ಚುಚ್ಚಿತು. ಆದರೂ ಅಂಗೈಗೆ ಮಣ್ಣು ಉಜ್ಜಿಕೊಂಡು ನಿಂತೆ. ಹೊತ್ತು ಇಳಿದರೂ ಯಳಂದೂರಿನವರು ಬರಲೇ ಇಲ್ಲ.

ಎದುರು ತಂಡ ಬಾರದಿದ್ದರೆ ಅವರ ಖಾಲಿ ಗೋಲಿಗೆ ಒಂದು ಸಲ ಚೆಂಡು ಒದ್ದು ಗೆದ್ದೆವೆನ್ನುವುದು ನಮ್ಮ ಲೀಗಿನ ಪದ್ಧತಿ.

"ಅಣ್ಣ, ನೀನೇ ಒದ್ಬುಡು. ಒಂದಿನಾನೂ ಗೋಲ್ ಒಡ್ದಿಲ್ಲ ನೀನು" ಎಂದು ತಂಡದವರು ಅವನನ್ನು ಎಳೆದು ತಂದರು. ಅವನು ಪಂಚೆ ಎತ್ತಿಕಟ್ಟಿ ಒದ್ದ. ಮೈದಾನದ ಈ ತುದಿಯಲ್ಲಿ, ಕೈಯ ಮಣ್ಣು ಕೊಡವದೆ, ನಾನು ನೋಡುತ್ತಿದ್ದೆ.

ಆಮೇಲೆ ಲೀಗ್ ನಡೆಯಲಿಲ್ಲ. ಅದರ ಕೊನೆಯ ಗೋಲು ಯಾರದೆಂದು ಕೇಳಿದರೆ ನಮ್ಮೂರಿನ ಹಳಬರು ಈಗಲೂ ಅವನ ಹೆಸರನ್ನೇ ಹೇಳುತ್ತಾರೆ. ಅವತ್ತು ನಮ್ಮ ಗೋಲು ಕಾಯುತ್ತಿದ್ದವನು ಯಾರೆಂದು ಈವರೆಗೆ ಒಬ್ಬನೂ ಕೇಳಿಲ್ಲ.