ಮಗ್ರಿಬ್‌ವರೆಗೆ ಕಾದ ಸಂದರ್ಶನ

ಅರ್ಜಿಯ ಒಂಬತ್ತನೇ ಕಾಲಮ್ಮಿನಲ್ಲಿ, ‘ಬೇಕಾದ ವಾರದ ರಜೆ’ ಎಂಬುದರ ಎದುರು, ನಾನು ನೀಲಿ ಇಂಕಿನಲ್ಲಿ ‘ಭಾನುವಾರ’ ಎಂದು ಬರೆದೆ. ಎದುರಿಗೆ ಕುಳಿತಿದ್ದವರನ್ನು ಕೇಳಲಿಲ್ಲ. ಹೆಸರು ಪ್ರಭುದಾಸ್, ಧರ್ಮ ಕ್ರೈಸ್ತ. ಇದರಲ್ಲಿ ಕೇಳುವುದೇನಿದೆ ಎಂದುಕೊಂಡಿದ್ದೆ.

ಅದು 1999ರ ಫೆಬ್ರವರಿ. ಎಂ.ಎ. ಮುಗಿಸಿ, ಕುಕ್ ಟೌನ್‌ನ ಹಳೆಯ ಬಂಗಲೆಯ ಮುಂಭಾಗದಲ್ಲಿದ್ದ ಖಾಸಗಿ ಪ್ಲೇಸ್‌ಮೆಂಟ್ ಕಚೇರಿಯೊಂದಕ್ಕೆ ಸಹಾಯಕಿಯಾಗಿ ಸೇರಿ ನಾಲ್ಕು ತಿಂಗಳಾಗಿತ್ತು. ಕೆಲಸ ಬೇಕಾದವರನ್ನೂ ಕೆಲಸ ಕೊಡುವವರನ್ನೂ ಸೇರಿಸುವುದು ನಮ್ಮ ಕೆಲಸ. ಕಂಪ್ಯೂಟರ್ ಇರಲಿಲ್ಲ. ಖಾಲಿ ಹುದ್ದೆಗಳ ವಿವರವೆಲ್ಲ ರಟ್ಟಿನ ಕಾರ್ಡುಗಳಲ್ಲಿ, ಕಾರ್ಡುಗಳು ಮರದ ಡ್ರಾಯರಿನಲ್ಲಿ. ಆ ಡ್ರಾಯರು ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುತ್ತಿತ್ತು. ಕೆಳಗಿನಿಂದ ಒಂದು ಪೆಟ್ಟು ಕೊಡಬೇಕಿತ್ತು. ಅದನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ.

ಪ್ರಭುದಾಸ್ ಅವರಿಗೆ ಮೂವತ್ನಾಲ್ಕು ವರ್ಷ. ಲಿಂಗರಾಜಪುರದಲ್ಲಿ ಬಾಡಿಗೆ ಮನೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಮೋಟಾರ್ ವೈಂಡಿಂಗ್‌ನಲ್ಲಿ, ಅಂದರೆ ಸುಟ್ಟ ಮೋಟಾರಿನ ತಾಮ್ರದ ತಂತಿ ತೆಗೆದು ಹೊಸದಾಗಿ ಸುತ್ತುವ ಕೆಲಸದಲ್ಲಿ, ಹನ್ನೆರಡು ವರ್ಷಗಳ ಅನುಭವ. ಕೆ.ಆರ್. ಪುರದ ವರ್ಕ್‌ಶಾಪ್ ಒಂದಕ್ಕೆ ಕಳಿಸಿದೆ. ಸೋಮವಾರ ಸೇರಿದವರು ಮುಂದಿನ ಸೋಮವಾರ ಮತ್ತೆ ನನ್ನ ಮುಂದಿದ್ದರು.

“ಶುಕ್ರವಾರ ಹೊತ್ತು ಮುಳುಗೋ ಮುಂಚೆ ಹೊರಟ್ಬಿಟ್ಟೆ ಮೇಡಂ. ನಾಳೆ ಬರಲ್ಲ ಅಂದೆ. ‘ಯಾಕ್ರೀ, ನಿಮ್ಮ ಏಸುಗೆ ಭಾನುವಾರ ಸಾಲ್ದಾ?’ ಅಂತ ಸೂಪರ್‌ವೈಸರ್ ನಕ್ಕ. ಶನಿವಾರ ಬರದಿದ್ರೆ ಯಾವತ್ತೂ ಬರ್ಬೇಡಿ ಅಂದ.”

ಅವರ ಚರ್ಚಿನ ಸಭೆಯವರಿಗೆ ಸಬ್ಬತ್, ಅಂದರೆ ಕೆಲಸ ಮಾಡಬಾರದ ದೇವರ ದಿನ, ಶನಿವಾರವೆಂದು, ಅದು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆಂದು ನನಗೆ ಆಗ ತಿಳಿಯಿತು. ಮೊದಲೇ ಯಾಕೆ ಹೇಳಲಿಲ್ಲ ಎಂದೆ.

“ಮೊದಲೇ ಹೇಳಿದ ಕಡೆಯೆಲ್ಲ ಗೇಟಲ್ಲೇ ಕಳಿಸಿದ್ರು. ಈ ಸಲ ಕೈಕೆಲಸ ನೋಡ್ಲಿ, ಆಮೇಲೆ ಹೇಳೋಣ ಅಂತ ಸುಮ್ಮನಿದ್ದೆ.” ಆಮೇಲೆ ಮೇಜು ನೋಡುತ್ತ ಹೇಳಿದರು: “ಶನಿವಾರನೂ ಬರ್ತೀನಿ ಅಂತ ಬರ್ಕೊಳ್ಳಿ ಮೇಡಂ. ಎಂಟು ತಿಂಗಳಾಯ್ತು, ನಮ್ಮನೆಯವಳು ಹೊಲಿದು ಮನೆ ನಡೀತಿದೆ. ದೇವರು ಕ್ಷಮಿಸ್ತಾನೆ.”

ಸಮಾಧಾನದ ಮಾತು ನನಗೆ ಸುಲಭವಾಗಿ ಬರುವುದಿಲ್ಲ. ಪೆನ್ನಿನ ಮುಚ್ಚಳ ಹಾಕಿದೆ.

“ನಿಮಗೆ ಸರಿ ಅನ್ಸಿದ್ರೆ ಬರ್ಕೊಳ್ತೀನಿ. ಸಾಕಾಗಿ ಹೇಳ್ತಿದ್ರೆ ಬರ್ಕೊಳ್ಳಲ್ಲ. ಕೇಳದೆ ಬರೆದದ್ದು ನನ್ನ ತಪ್ಪು. ಎರಡು ವಾರ ಕೊಡಿ.”

ಅವರು ಕುರ್ಚಿ ಹಿಂದಕ್ಕೆ ಸರಿಸಿದರು. “ಎರಡೇ ವಾರ,” ಎಂದು ಎದ್ದರು.

ಶನಿವಾರ ಬಿಡಲು ಒಪ್ಪಿದ ಇಬ್ಬರು ಮಾಲೀಕರು ಸಿಕ್ಕರು. ಇಬ್ಬರೂ ಒಂದೇ ಪ್ರಶ್ನೆಗೆ ಬಂದು ನಿಂತರು: ಶುಕ್ರವಾರ ಸಂಜೆ ಅಂದರೆ ಎಷ್ಟು ಗಂಟೆ? ಡಿಸೆಂಬರಿನಲ್ಲಿ ಆರಕ್ಕೆ ಮೊದಲೇ, ಜುಲೈನಲ್ಲಿ ಆರೂ ಮುಕ್ಕಾಲು ದಾಟಿದ ಮೇಲೆ ಎಂದೆ. ವಾರವಾರವೂ ಬದಲಾಗುವ ಸಮಯವನ್ನು ಹಾಜರಿಯ ಪಂಚ್ ಕಾರ್ಡ್ ಒಪ್ಪುವುದಿಲ್ಲ ಎಂದರು. ಕೊನೆಗೆ ಡ್ರಾಯರಿನ ಹಿಂಬದಿಯಲ್ಲಿ, ಎಲ್ಲರೂ ಬೇಡವೆಂದ ಕಾರ್ಡುಗಳ ಕಟ್ಟಿನಲ್ಲಿ, ಶಿವಾಜಿನಗರದ ರಹಮತ್ ಸಾಹೇಬರ ವೈಂಡಿಂಗ್ ಅಂಗಡಿಯ ಕಾರ್ಡು ಸಿಕ್ಕಿತು. ‘ಭಾನುವಾರ ಬರಲೇಬೇಕು’ ಎಂದಿತ್ತು.

ಫೋನ್ ಮಾಡಿದಾಗ ಸಾಹೇಬರು ಶನಿವಾರವೇ ಕರೆತನ್ನಿ ಎಂದರು. ಅಂದು ಕೆಲಸದ ಮಾತನ್ನೂ ಆಡುವ ಹಾಗಿಲ್ಲವೆಂದು ಪ್ರಭುದಾಸ್. ಹೀಗಾಗಿ ಆ ಶನಿವಾರ ಸಂಜೆ ಇಬ್ಬರೂ ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ ಸೂರ್ಯ ಮುಳುಗಲು ಕಾದೆವು. ಕಬಾಬಿನ ಹೊಗೆ, ಬಸ್ಸಿನ ಹಾರ್ನು. ಆರೂವರೆಯ ಸುಮಾರಿಗೆ ಮಸೀದಿಯಿಂದ ಆಜಾನ್ ಕೇಳಿಸಿತು. “ಈಗ ಹೋಗ್ಬಹುದು ಮೇಡಂ,” ಎಂದು ಪ್ರಭುದಾಸ್ ರಸ್ತೆ ದಾಟಿದರು. ಅಷ್ಟರಲ್ಲಿ ಸಾಹೇಬರು ಟೋಪಿ ಹಾಕಿಕೊಂಡು ನಮಾಜಿಗೆ ಹೊರಟಿದ್ದರು. ಮತ್ತೆ ಕಾದೆವು.

“ಆಗ್ಲಿಂದ ಎದುರುಗಡೆ ನಿಂತಿದ್ರಲ್ಲ, ನಾನೇನು ಕಚ್ತೀನಾ?” ಮರಳಿ ಬಂದ ಸಾಹೇಬರು ಕೇಳಿದರು. ನಾನು ಸಬ್ಬತ್ತಿನ ವಿಷಯ ಹೇಳಿ, ಸಮಯ ವಾರವಾರವೂ ಬದಲಾಗುತ್ತದೆ ಎಂದು ತಗ್ಗಿದ ದನಿಯಲ್ಲಿ ಸೇರಿಸಿದೆ.

“ಅರೆ, ಸೂರಜ್ ಮುಳುಗೋದು ಅಂದ್ರೆ ಮಗ್ರಿಬ್ ಅಲ್ವೇನಮ್ಮಾ!” ಗೋಡೆಯ ಮೇಲಿದ್ದ ನಮಾಜಿನ ವೇಳಾಪಟ್ಟಿ ತೋರಿಸಿದರು, ವರ್ಷದ ಪ್ರತಿ ದಿನದ ಸೂರ್ಯಾಸ್ತವೂ ಅದರಲ್ಲಿತ್ತು. “ಜುಮ್ಮಾ ದಿನ ಮಗ್ರಿಬ್‌ಗೆ ಮುಂಚೆ ಹೋಗಿ, ಶನಿವಾರ ಮಗ್ರಿಬ್ ಆದ್ಮೇಲೆ ಬನ್ನಿ. ಆದ್ರೆ ಭಾನುವಾರ ಕೈ ಕೊಟ್ರೆ ನೋಡಿ! ಗಿರಾಕಿಗಳು ಬರೋದೇ ಆವತ್ತು, ನಮ್ಮ ಹುಡುಗರೆಲ್ಲ ಆವತ್ತೇ ಮಾಯ.”

“ಭಾನುವಾರ ನನಗೆ ಬರೀ ಭಾನುವಾರ, ಸಾಹೇಬ್ರೆ,” ಎಂದರು ಪ್ರಭುದಾಸ್. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ನಾನು ದೊಡ್ಡ ಕಚೇರಿಗಳಲ್ಲಿ ಕೆಲಸ ಮಾಡಿದೆ. ಆದರೂ ಈ ಕಸುಬು ನನಗೆ ಕಲಿಸಿದ್ದು ಹೆಚ್ಚಾಗಿ ಅಂದೇ: ಒಬ್ಬರ ನಿಷ್ಠೆ ಎಲ್ಲರಿಗೂ ಅಡ್ಡಿಯಲ್ಲ; ಅದೇ ಅಳತೆಯಲ್ಲಿ ಬದುಕುವ ಇನ್ನೊಬ್ಬರು ಊರಿನಲ್ಲಿ ಎಲ್ಲೋ ಇರುತ್ತಾರೆ, ಅವರನ್ನು ಹುಡುಕುವುದಕ್ಕೇ ನಮಗೆ ಸಂಬಳ.

ಆ ಸಂದರ್ಶನದ ಮರುದಿನ, ಭಾನುವಾರ ಬೆಳಿಗ್ಗೆ, ತಿಂಗಳಿನಿಂದ ಕೆಟ್ಟು ಕುಳಿತಿದ್ದ ನಮ್ಮ ಮನೆಯ ಮಿಕ್ಸಿಯನ್ನು ಚೀಲದಲ್ಲಿಟ್ಟು ಹಲಸೂರಿನಿಂದ ಬಸ್ಸು ಹತ್ತಿದೆ. ಅಂಗಡಿಯ ಮುಂದೆ ಜನ. ಪ್ರಭುದಾಸ್ ಒಳಗೆ ತಲೆತಗ್ಗಿಸಿ ತಂತಿ ಸುತ್ತುತ್ತಿದ್ದರು. ತುಟಿ ಸಣ್ಣಗೆ ಅಲುಗುತ್ತಿತ್ತು. ಸುತ್ತುಗಳನ್ನು ಎಣಿಸುವಾಗ ಮಾತಾಡಿಸಿದರೆ ಲೆಕ್ಕ ತಪ್ಪಿ, ಮೊದಲಿನಿಂದ ಸುತ್ತಬೇಕಾಗುತ್ತದೆ. ಮಿಕ್ಸಿಯನ್ನು ಸಾಹೇಬರ ಕೈಗೆ ಕೊಟ್ಟು, ಚೀಟಿ ತೆಗೆದುಕೊಂಡು, ಮಾತಾಡಿಸದೆ ಬಂದೆ.